ಮದರಾಸಿನಿಂದ ತಂದ ಗುಂಗುರು

‘ಶಾಶ್ವತ’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ನೆತ್ತಿ ಉರಿಯುತ್ತದೆ. ಹೊಸಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದ ನಾನು ಒಂದು ಬೇಸಿಗೆ ರಜೆಯಲ್ಲಿ ಮದರಾಸಿನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವಳ ಮಗಳು ಪದ್ಮಾ ನನ್ನ ತೆಂಗಿನ ಗರಿಯಂಥ ನೆಟ್ಟನೆಯ ಕೂದಲಿಗೆ ಮರುಗಿ, ದೊರೆಸಾನಿಯೊಬ್ಬಳ ಕೇಶಾಲಂಕಾರದ ಅಂಗಡಿಗೆ ಕರೆದೊಯ್ದಳು. ಅಲ್ಲಿ ತೊಳೆದರೂ ಹೋಗದ ‘ಶಾಶ್ವತ’ ಗುಂಗುರು ಹಾಕುತ್ತಿದ್ದರು; ಅದರಲ್ಲೂ ಬಗೆಗಳಿದ್ದವು. ವಿದ್ಯುತ್ ತಂತಿಯಿಂದ ಕಾಯಿಸುವುದು ಒಂದು, ತಂತಿಯಿಲ್ಲದೆ ಬಿಸಿ ಚಿಮಟಿ ಕಚ್ಚಿಸುವುದು ಇನ್ನೊಂದು; ಬುಡದಿಂದ ಸುತ್ತಿದರೆ ಸುರುಳಿ, ತುದಿಯಿಂದ ಸುತ್ತಿದರೆ ಅಲೆ. ಬಿಸಿಲಲ್ಲಿ ನಡೆದು ದಣಿದಿದ್ದ ನನಗೆ ಬೇಕಾಗಿದ್ದದ್ದು ಒಂದು ಕುರ್ಚಿ ಮಾತ್ರ. ಹತ್ತಿರವಿದ್ದದ್ದರಲ್ಲಿ ಕುಳಿತೆ. ಅದು ತಂತಿಯದು. ತೂಗುದೀಪದಂಥ ಯಂತ್ರಕ್ಕೆ ನನ್ನ ತಲೆಯನ್ನು ಎಳೆಎಳೆಯಾಗಿ ಕಟ್ಟಿಹಾಕಿದರು. ಸೀದ ವಾಸನೆ ಬಂದಾಗ ಪಕ್ಕದಲ್ಲೆಲ್ಲೋ ಹಾಲು ಉಕ್ಕಿರಬೇಕು ಎಂದುಕೊಂಡೆ.

ಊರಿಗೆ ಬಂದಾಗ ಅವ್ವ ನನ್ನನ್ನು ನೋಡಿ ಹೊಸ್ತಿಲಲ್ಲೇ ಕುಸಿದು ಕುಳಿತಳು. ಮದರಾಸಿನಲ್ಲಿ ಯಾವ ಜ್ವರ ಬಂದಿತ್ತೆಂದು ವಿಚಾರಿಸಿದಳು. ಇದು ಶಾಶ್ವತ ಎಂದು ಹೇಳಿದ್ದೇ ತಡ, ರಾತ್ರಿ ಊಟ ಬಿಟ್ಟಳು. ಮರುದಿನದಿಂದ ಹರಳೆಣ್ಣೆ ಸುರಿದು, ಕಣ್ಣು ಮೇಲೆ ಸಿಕ್ಕಿಕೊಳ್ಳುವಂತೆ ಜಡೆ ಬಿಗಿಯತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಸುರುಳಿಗಳು ಒಂದೊಂದಾಗಿ ಪುಟಿದೇಳುತ್ತಿದ್ದವು. ಸೀಮೆಸುಣ್ಣದ ಪುಡಿ ಎಣ್ಣೆಗೆ ಮೆತ್ತಿಕೊಳ್ಳುತ್ತಿತ್ತು. ಹುಡುಗಿಯರು ಬೋರ್ಡು ನೋಡುವುದನ್ನೇ ಬಿಟ್ಟರು. ಗದರಿಸಲು ನನಗೂ ಶಕ್ತಿಯಿರಲಿಲ್ಲ.

ಅಷ್ಟರಲ್ಲಿ ಕಂಪ್ಲಿಯಲ್ಲಿ ಸೋದರಮಾವನ ಮಗನ ಮದುವೆ ಬಂತು. ನಾನು ಸೀರೆ ಮಡಿಸಿಡುತ್ತಿದ್ದಾಗ ಅವ್ವ ಮುಖ ತಿರುಗಿಸಿಕೊಂಡೇ ಹೇಳಿದಳು: “ನೀ ಬರೋದು ಬ್ಯಾಡ. ಮಂದಿ ಕೇಳಿದ್ರ ನಾ ಏನಂತ ಹೇಳ್ಲಿ?”

ಮೊದಲು ಹಾಯೆನಿಸಿತು. ಎಲ್ಲರೂ ಗಾಡಿ ಹತ್ತಿ ಹೋದ ಮೇಲೆ ಅಳು ಬಂತು.

ಕೂದಲು ಬೆಳೆಯಿತು. ಬುಡ ನೆಟ್ಟಗೆ, ತುದಿ ಗುಂಗುರು. ಎರಡು ಜನರ ತಲೆ ಹೊತ್ತು ತಿರುಗಿದಂತಾಗಿ, ಬೇಸತ್ತು ಗುಂಗುರನ್ನೆಲ್ಲ ಕತ್ತರಿಸಿಬಿಟ್ಟೆ. ಅವ್ವ ಅದನ್ನು ಆಯ್ದುಕೊಂಡು ಹೋಗಿ, ತೆಳ್ಳಗಾಗಿದ್ದ ತನ್ನ ತುರುಬಿಗೆ ಚೌರಿ ಕಟ್ಟಿಸಿಕೊಂಡಳು.

ಆಮೇಲೆ ಸಂಡೂರಿನ ಒಂದು ಮದುವೆಗೆ ನನ್ನನ್ನೂ ಕರೆದೊಯ್ದಳು. ಹೆಂಗಸರೆಲ್ಲ ಅವಳ ಉಬ್ಬಿದ ತುರುಬನ್ನು ಸುತ್ತುವರಿದು ಗುಟ್ಟು ಕೇಳಿದರು. ಅವ್ವ ಸೆರಗು ಸರಿಮಾಡಿಕೊಂಡು, “ನಮ್ಮ ಮನಿತನದ ಕೂದ್ಲಾನ ಹಂಗ್ರಿ, ಹುಟ್ಟಿನಿಂದ ಗುಂಗುರು,” ಎಂದಳು.

ಒಬ್ಬ ಮುದುಕಿ ನನ್ನ ಮೊಂಡು ಜಡೆಯನ್ನು ಸವರಿ ನೋಡಿ, “ಪಾಪ, ಈಕಿ ಅಪ್ಪನ್ನ ಹೋಲ್ತಾಳೇನ್ರಿ?” ಎಂದು ಕೇಳಿದಳು.

ಅವ್ವ ನಿಟ್ಟುಸಿರು ಬಿಟ್ಟಳು. ನಾನೂ ಬಿಟ್ಟೆ, ವಾದಿಸಲು ತ್ರಾಣವಿರಲಿಲ್ಲ.