ಸಂಸ್ಥಾಪಕರನ್ನು ಅಪ್ಪ ಎಂದು ಕರೆದ ಪ್ರಕರಣ

ಚೆಂಬೂರಿನ ಸಮಸ್ತ ಕನ್ನಡ ಕುಟುಂಬ ಮಂಡಳಿಯ ಸಂಸ್ಥಾಪಕರಾದ ದಿವಂಗತ ಅಣ್ಣು ಮಾಸ್ತರರು ಉಡುಪಿ ಕಡೆಯವರು, ಬದುಕಿರುವ ತನಕ ತಲೆಗೆ ಟೊಪ್ಪಿ ಸಹ ಹಾಕಿದವರಲ್ಲ, ಮತ್ತು ಅವರ ಫೋಟೋದಲ್ಲಿ ವಿಜಯಪುರ ಕಡೆಯ ದೊಡ್ಡ ರುಮಾಲು ಇದೆ. ಈ ಮೂರು ಸಂಗತಿಗಳ ನಡುವೆ ಯಾವ ವಿರೋಧವೂ ಇಲ್ಲವೆಂದು ಮಂಡಳಿಯ ಮಹಾಸಭೆ ಹಿಂದೆಯೇ ಸರ್ವಾನುಮತದಿಂದ ತೀರ್ಮಾನಿಸಿದೆ.

ರುಮಾಲು ಅಖಂಡ ಕರ್ನಾಟಕದ ಸಂಕೇತ. ಅಂಗಿಯ ಎರಡನೇ ಗುಂಡಿ ಇಲ್ಲದಿರೋದು ಸರಳತೆಯ ಸಂಕೇತ. ಫೋಟೋದ ಕೆಳಗಿನ ಮೂಲೆಯಲ್ಲಿ ಯಾರದೋ ಪುಟ್ಟ ಮುಷ್ಟಿ ಕಾಣ್ತದಲ್ಲ, ಅದು ಮುಂದಿನ ಪೀಳಿಗೆ. ಹಾಗಾಗಿ ವರ್ಷಕ್ಕೊಮ್ಮೆ, ಸಂಸ್ಥಾಪಕರ ದಿನ, ಹೋಟೆಲಿನವರು, ಬ್ಯಾಂಕಿನವರು, ರಿಫೈನರಿಯವರು ಎಲ್ಲರೂ ಎರಡನೇ ಗುಂಡಿ ಕಿತ್ತ ಅಂಗಿ ತೊಟ್ಟು, ರುಮಾಲು ಸುತ್ತಿ, ಮುಷ್ಟಿ ಎತ್ತಿ ನಿಲ್ತಾರೆ. ಸುತ್ತೋಕೆ ಬಾರದವರಿಗೆ ಧಾರಾವಿಯಿಂದ ಹೊಲಿದ ರುಮಾಲು ತರಿಸ್ತಾರೆ. ಅದಕ್ಕೆ ಇಲಾಸ್ಟಿಕ್ ಇರ್ತದೆ.

ಈ ಸಲದ ಸಭೆಗೆ ರಾಚವ್ವ ಬಂದಿದ್ದಳು. ವಿಜಯಪುರದಿಂದ ಮಗಳು ಮಾಧುರಿಯ ಮನೆಗೆ ಬಂದವಳಿಗೆ ಇನ್ನೂ ಚೆಂಬೂರಿನ ದಾರಿ ಪೂರ್ತಿ ಗೊತ್ತಾಗಿರಲಿಲ್ಲ. ಊಟ ಚೆನ್ನಾಗಿರ್ತದೆ ಅಂತ ಮಗಳು ಕರೆತಂದಿದ್ದಳು. ಹೂವು ಹಾಕೋ ಸಾಲಿನಲ್ಲಿ ನಿಂತು, ಫೋಟೋದ ಎದುರಿಗೆ ಬಂದು, ರಾಚವ್ವ ಹೂವು ಹಿಡಿದುಕೊಂಡೇ ನಿಂತುಬಿಟ್ಟಳು.

"ಯವ್ವಾ, ಇಂವ ನಮ್ಮಪ್ಪ ಅದಾನ."

ಕಾರ್ಯದರ್ಶಿ ಸುಕೇಶ್ ಮೈಕಿನ ಹತ್ತಿರವೇ ಇದ್ದ. "ಹೌದಕ್ಕ, ಎಲ್ಲರಿಗೂ ಹಾಗೇ ಅನಿಸ್ತದೆ. ಸಂಸ್ಥಾಪಕರು ನಮಗೆಲ್ಲ ತಂದೆ ಸಮಾನ."

"ಸಮಾನ ಅಲ್ಲೋ ತಮ್ಮಾ, ಹುಟ್ಟಿಸಿದ ಅಪ್ಪ. ಸಿದ್ದರಾಮಪ್ಪ ಅಂತ. ಇಲ್ಲೇ ಮುಂಬೈದಾಗ ಹಮಾಲಿ ಮಾಡ್ತಿದ್ದ. ಫೋಟೋ ತೆಗಸೂ ಮುಂದ ನಾ ತೊಡಿ ಮ್ಯಾಲ ಕುಂತು ಅಂವನ ಗುಂಡಿ ಕಿತ್ತೀನಿ. ಆ ಮುಷ್ಟಿ ನಂದು. ಗುಂಡಿ ಅದರಾಗ ಐತಿ."

ಯಾರದೋ ರುಮಾಲಿನ ಇಲಾಸ್ಟಿಕ್ ಪಟ್ಟಂತ ಹರಿದದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು.

"ಅವ್ವಾ, ಛೋಡ್ ನಾ," ಅಂತ ಮಾಧುರಿ ಸೆರಗು ಎಳೆದಳು. "ಸಬ್ ಲೋಗ್ ನೋಡ್ತಿದ್ದಾರೆ."

ರಾಚವ್ವ ಬಿಡಲಿಲ್ಲ. ಆ ಫೋಟೋ ತೆಗೆಸಿಕೊಂಡ ಅಪ್ಪ, ಅದನ್ನು ಸ್ಟುಡಿಯೋದಿಂದ ತರೋಕೆ ಮೊದಲೇ ಊರಿಗೆ ಹೋಗಿ ಜ್ವರ ಬಂದು ತೀರಿಕೊಂಡಿದ್ದ. ಮನೆಯಲ್ಲಿ ಅವನದು ಇನ್ನೊಂದು ಫೋಟೋ ಇಲ್ಲ. "ನನಗ ಬ್ಯಾರೆ ಏನೂ ಬ್ಯಾಡ್ರಿ. ಒಂದು ಕಾಪಿ ಕೊಡ್ರಿ. ಗ್ವಾಡಿ ಮ್ಯಾಲ ಅವ್ವಂದೊಂದ ಐತಿ, ಬಾಜೂಕ ಜಾಗಾ ಖಾಲಿ ಐತಿ."

ಮರುದಿನ ಮಂಡಳಿಯ ಬೋರ್ಡಿಗೆ ಸೂಚನೆ ಬಿತ್ತು, ವಾಟ್ಸಾಪ್ ಗುಂಪಿಗೂ ಬಂತು.

"ಶ್ರೀಮತಿ ರಾಚವ್ವ ಇವರು ಮಂಡಳಿಯ ಪೂರ್ವಾನುಮತಿ ಇಲ್ಲದೆ ಸಂಸ್ಥಾಪಕರ ಮಗಳಾಗಿರುವುದು ಕಂಡುಬಂದಿರುತ್ತದೆ. ವಿಚಾರಣೆ ಮುಗಿಯುವ ತನಕ ಸದಸ್ಯರು ಸದರಿಯವರಿಗೆ ಒಂದೇ ಕೈಯಲ್ಲಿ ನಮಸ್ಕಾರ ಮಾಡತಕ್ಕದ್ದು. ಸದರಿಯವರು ಮಾಡಿದ ಹೋಳಿಗೆಯನ್ನು ತಿನ್ನಬಹುದು, ಹೊಗಳಕೂಡದು."

ಸದಸ್ಯರು ನಿಯಮ ಪಾಲಿಸಿದರು. ಸ್ಟೇಷನ್ನಿನ ಹತ್ತಿರ ಒಬ್ಬರು ರಾಚವ್ವನಿಗೆ ಒಂದು ಕೈ ಎತ್ತಿದ್ದು ನೋಡಿ ರಿಕ್ಷಾದವನೊಬ್ಬ ಬಂದು ನಿಂತ. ಎತ್ತಿದ ತಪ್ಪಿಗೆ ಅವರು ಹತ್ತಿ ಘಾಟ್ಕೋಪರಿಗೆ ಹೋಗಿಬಂದರು. ಪಕ್ಕದ ಮನೆಯ ಸೇವಂತಿ ಆಂಟಿ ಅಡುಗೆಮನೆಯಲ್ಲೇ ನಿಂತು ಹೋಳಿಗೆ ತಿಂದರು. ಕಣ್ಣು ತನ್ನಿಂತಾನೇ ಮುಚ್ಚಿಕೊಂಡಿತು, ಬಾಯಿ ತೆರೆಯಿತು, ಅಷ್ಟರಲ್ಲಿ ಸೂಚನೆ ನೆನಪಾಗಿ, "ಸಂಜೆ ಮಳೆ ಬರ್ಬಹುದು" ಅಂದರು. ಇನ್ನೊಂದು ತಗೊಂಡು, "ಜೋರೇ ಬರ್ಬಹುದು" ಅಂದರು.

ವಿಚಾರಣೆಯಲ್ಲಿ ಸುಕೇಶ್ ಫೋಟೋ ಕೆಳಗಿಳಿಸಿ, ಭೂತಗನ್ನಡಿ ಹಿಡಿದು ಮುಷ್ಟಿಯನ್ನು ನೋಡಿದ. ಬೆರಳ ಸಂದಿಯಲ್ಲಿ ಬಿಳಿ ಗುಂಡಿ ಸ್ಪಷ್ಟ ಕಾಣ್ತಿತ್ತು.

"ಗುಂಡಿ ಉಂಟು," ಅಂದ.

"ನಾ ಹೇಳಿದ್ನಿಲ್ಲೋ," ಅಂದಳು ರಾಚವ್ವ.

ಸುಕೇಶ್ ವರದಿ ಓದಿದ: "ಮುಂದಿನ ಪೀಳಿಗೆಯ ಕೈಯಲ್ಲಿ ಗುಂಡಿ ಇರುವುದು ದೃಢಪಟ್ಟಿದೆ. ಸಂಸ್ಥಾಪಕರು ಸರಳತೆಯನ್ನು ಸ್ವತಃ ಮುಂದಿನ ಪೀಳಿಗೆಗೆ ಹಸ್ತಾಂತರಿಸಿದರೆಂಬ ನಮ್ಮ ನಂಬಿಕೆಗೆ ಈಗ ಸಾಕ್ಷ್ಯ ಸಿಕ್ಕಿದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಕೈಯ ನಿಯಮ ಮುಂದುವರಿಯಿತು.

ಆ ವಾರವೇ ಮಂಡಳಿಯ ಅಧ್ಯಕ್ಷ ಶೇಖರ ಶೆಟ್ರು ರಾಚವ್ವನನ್ನು ತಮ್ಮ ಹೋಟೆಲಿಗೆ ಕರೆಸಿ, ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಸಿ, ಕಾಫಿ ತರಿಸಿದರು.

"ರಾಚವ್ವಕ್ಕ, ಬೇಜಾರು ಮಾಡ್ಬೇಡಿ, ಒಂದು ಹೇಳ್ತೇನೆ. ಅಣ್ಣು ಮಾಸ್ತರು ಕ್ಯಾಮೆರಾ ಕಂಡ್ರೆ ಓಡ್ತಿದ್ದವರು. ತೀರಿಹೋದ ಮೇಲೆ ಗೋಡೆಗೆ ಹಾಕ್ಲಿಕ್ಕೆ ಫೋಟೋವೇ ಇಲ್ಲ. ಸ್ಟುಡಿಯೋದ ಗಾಜಿನೊಳಗೆ ಯಾರೂ ಒಯ್ಯದ ಒಂದು ಫೋಟೋ ಇತ್ತು, ಮುಖದಲ್ಲಿ ಭಾರೀ ಗಾಂಭೀರ್ಯ. ನಮ್ಮ ತಂದೆಯೇ ಹೋಗಿ ತಂದದ್ದು."

"ಅಂದ್ರ ನಿಮಗ ಗೊತ್ತೈತಿ."

"ಎಲ್ಲರಿಗೂ ಗೊತ್ತುಂಟು."

"ಮತ್ತ ನನಗ್ಯಾಕ್ರೀ ಶಿಕ್ಷಾ?"

"ನೀವು ಸುಳ್ಳು ಹೇಳಿದ್ರೆ ನಾವು ನಗಾಡಿ ಊಟ ಬಡಿಸ್ತಿದ್ದೆವು. ಹೇಳಿದ್ದು ನಿಜ ಅಲ್ವಾ, ಕ್ರಮ ತಗೊಳ್ಳದೆ ಆಗ್ತದಾ?" ಶೆಟ್ರು ದನಿ ತಗ್ಗಿಸಿದರು. "ನನ್ನ ಮಗಳು ಯಕ್ಷಿತಾ ಧಾರವಾಡದ ಹುಡುಗನನ್ನು ನೋಡಿದ್ದೇ ರುಮಾಲಿನ ದಿನ. ಎಲ್ಲರಿಗಿಂತ ಚಂದ ಸುತ್ತಿದ್ದ, ಒಪ್ಪಿದಳು. ಈಗ ಆ ರುಮಾಲು ನಮ್ಮ ಸಂಸ್ಥಾಪಕರದ್ದೇ ಅಲ್ಲ ಅಂದ್ರೆ, ಅವಳ ಮದುವೆ ಆದದ್ದು ಎಂಥದ್ದಕ್ಕೆ ಹೇಳಿ?"

ರಾಚವ್ವ ಕಾಫಿ ಆರಿಸುತ್ತಾ ಯೋಚಿಸಿದಳು. ಮಾತಿನಲ್ಲಿ ಎಲ್ಲೂ ತಪ್ಪು ಸಿಗಲಿಲ್ಲ.

"ಹುಡುಗ ಚೊಲೊ ಅದಾನೇನ್ರಿ?"

"ಚಿನ್ನದಂಥವ."

"ಹಂಗಾದ್ರ ಇರ್ಲಿ ಬಿಡ್ರಿ. ನನ್ನ ಕಾಪಿ?"

ಕಾಪಿ ಮಂಜೂರಾಯ್ತು, ಷರತ್ತಿನ ಮೇಲೆ. ಪ್ರತಿ ಪಡೆಯುವವರು ಸಂಸ್ಥಾಪಕರನ್ನು ಸಂಸ್ಥಾಪಕರೆಂದೇ ಸಂಬೋಧಿಸತಕ್ಕದ್ದು. ಮನೆಯಲ್ಲಿ ಯಾರಾದರೂ "ಅಪ್ಪ" ಎಂದಲ್ಲಿ ಪ್ರತಿಯನ್ನು ವಾಪಸು ಪಡೆಯಲಾಗುವುದು. ಕಾರ್ಯದರ್ಶಿಯವರು ಆಗಾಗ ಮನೆಗೆ ಬಂದು ಪರಿಶೀಲಿಸುವರು. ರಾಚವ್ವ ತಕ್ಷಣ ಒಪ್ಪಿದಳು. ಷರತ್ತು ಓದಿದ್ದು ಆಮೇಲೆ.

ಮೊದಲ ಪರಿಶೀಲನೆಗೆ ಬಂದ ಸುಕೇಶ್ ಗೋಡೆ ನೋಡಿ ಸಂಕಟಪಟ್ಟ. "ಅಕ್ಕ, ತಪ್ಪು ತಿಳ್ಕೊಬೇಡಿ. ಸಂಸ್ಥಾಪಕರು ಕೊನೆತನಕ ಮದುವೆ ಆಗದವರು. ಅವರ ಪಕ್ಕದಲ್ಲಿ ಯಾರೋ ಹೆಂಗಸಿನ ಫೋಟೋ ಅಂದ್ರೆ, ನೋಡಿದವರು ಏನು ಹೇಳ್ತಾರೆ?"

ರಾಚವ್ವ ಅವ್ವನನ್ನು ಸ್ವಲ್ಪ ಆಚೆ ಸರಿಸಿ, ನಡುವೆ ಒಂದು ಕ್ಯಾಲೆಂಡರ್ ತೂಗುಹಾಕಿದಳು. ಫ್ಯಾನ್ ಹಾಕಿದಾಗ ಕ್ಯಾಲೆಂಡರ್ ಮೇಲೆದ್ದು ನಡುವಿನ ಮರೆ ಹೋಗಿಬಿಡ್ತಿತ್ತು. ಅದಕ್ಕೆ ಮಂಡಳಿಯ ಆಕ್ಷೇಪ ಇರಲಿಲ್ಲ.

ಮುಂದಿನ ಪರಿಶೀಲನೆಗೆ ಸುಕೇಶ್ ಬಂದು ಚಹಾ ಕುಡೀತಿದ್ದಾಗಲೇ ವಿಜಯಪುರದಿಂದ ರಾಚವ್ವನ ಅಣ್ಣ ಗುರುಬಸವ ಬಂದ. ಚೀಲ ಇಳಿಸಿದವನು ಗೋಡೆ ನೋಡಿ ಹಾಗೇ ನಿಂತ. ಅವನು ಬಾಯಿ ತೆರೆಯೋ ಅಷ್ಟರಲ್ಲೇ ರಾಚವ್ವ ಓಡಿ ಬಂದು ಕೈ ಅಡ್ಡ ಹಿಡಿದಳು.

"ಸಂಸ್ಥಾಪಕರು ಅನ್ನು. ಇಲ್ಲಾಂದ್ರ ಒಯ್ತಾರ."

ಗುರುಬಸವ ತಂಗಿಯನ್ನು ನೋಡಿದ, ಸುಕೇಶನನ್ನು ನೋಡಿದ. ಚಪ್ಪಲಿ ಬಿಟ್ಟು ಬಂದು ಕೈ ಮುಗಿದ.

"ಸಂಸ್ಥಾಪಕರೇ, ನಾ ಗುರುಬಸವ. ನೀವು ಹ್ವಾದ ಮ್ಯಾಲ ಹೊಲಾ ನಾನ ಮಾಡಿದ್ನಿ. ಅವ್ವನ್ನ ಚೊಲೊ ನೋಡಿಕೊಂಡೀನ್ರಿ."

ಸುಕೇಶ್ ಚಹಾ ಕೆಳಗಿಟ್ಟ. ಮಂಡಳಿಯ ಕಮಿಟಿಯಲ್ಲೂ ಇಂಥ ಭಕ್ತಿ ಅವನು ನೋಡಿರಲಿಲ್ಲ. "ಅಣ್ಣ, ಬರೋ ವರ್ಷ ನೀವೇ ಮುಖ್ಯ ಅತಿಥಿ. ಸಂಸ್ಥಾಪಕರ ಬಗ್ಗೆ ಮಾತಾಡ್ಬೇಕು. ನೀವು ಅವರನ್ನು ಕಣ್ಣಾರೆ ಕಂಡವರ ಹಾಗೆ ಹೇಳ್ತೀರಿ."

"ಬರ್ತಾನ ತಗೋ," ಅಂದಳು ರಾಚವ್ವ. "ಆದ್ರ ಸಣ್ಣಾಂವ ಇದ್ದಾಗ ಸಾಲಿ ತಪ್ಪಿಸಿದ್ರ ಸಂಸ್ಥಾಪಕರು ಇಂವಗ ಭಾಳ ಬಡೀತಿದ್ರು. ಅದನ್ನ ಹೇಳಬಾರ್ದೇನೋ."

"ಯಾಕೆ ಹೇಳ್ಬಾರದು?" ಸುಕೇಶ್ ಪೆನ್ನು ತೆಗೆದ. "ಶಿಕ್ಷಣಪ್ರೇಮಿ ಅಂತ ಬರ್ಕೊಳ್ತೇನೆ."