ಗುರುವಾಯನಕೆರೆಯ ಡಿಸ್ಕ್ ಓವರ್‌ಟೇಕ್ ಮಾಡಿದ್ದು

ಗುರುವಾಯನಕೆರೆ ಸೇವಾ ಕೇಂದ್ರದ ಗಣಕಯಂತ್ರದ ಡಿಸ್ಕ್, ನಿಗದಿತ ಸಮಯಕ್ಕಿಂತ ಮೊದಲೇ ಕೆಲಸ ಮುಗಿಸಿದ ತಪ್ಪಿಗಾಗಿ ಕಳೆದ ಮೇ ತಿಂಗಳಲ್ಲಿ ಎರಡು ದಿನ ಅಮಾನತಿನಲ್ಲಿತ್ತು. ಆ ಎರಡು ದಿನ ಅದಕ್ಕೆ ವಿದ್ಯುತ್ ಕೊಡಲಿಲ್ಲ. ಮೂರನೆಯ ದಿನ ಅದು ಎಚ್ಚರಿಕೆ ಪತ್ರ ಸ್ವೀಕರಿಸಿ ಕರ್ತವ್ಯಕ್ಕೆ ಹಾಜರಾಯಿತು. ಪತ್ರವನ್ನು ಅದರ ಪರವಾಗಿ ಆಪರೇಟರ್ ವಿಸ್ಮಿತಾ ಸಹಿ ಹಾಕಿ ಪಡೆದು, ಸ್ಕ್ಯಾನ್ ಮಾಡಿ, ಅದೇ ಡಿಸ್ಕಿನಲ್ಲಿ ಉಳಿಸಿಟ್ಟರು.

ಪ್ರಕರಣದ ಹಿನ್ನೆಲೆ ಇಷ್ಟು. ತ್ರಿತಾಲೂಕು ನಾಗರಿಕ ಸೇವಾ ಒಕ್ಕೂಟಕ್ಕೆ ಬಿ.ಸಿ.ರೋಡ್, ಗುರುವಾಯನಕೆರೆ ಮತ್ತು ಮೂಡುಬಿದಿರೆಯಲ್ಲಿ ಒಂದೊಂದು ಕೇಂದ್ರ. ಪ್ರತಿ ಕೇಂದ್ರಕ್ಕೆ ಒಂದು ಗಣಕ, ಒಬ್ಬ ಆಪರೇಟರ್, ಒಂದು ಬೆಂಚು. ಸದಸ್ಯರ ಮನೆಯವರಿಗೆ ವಾಸ್ತವ್ಯದ ದೃಢಪತ್ರ ಮುಂತಾದ ಕಾಗದಗಳನ್ನು ಕೊಡುವುದು ಕೆಲಸ. ಏಪ್ರಿಲಿನಲ್ಲಿ ಮೇಲಿನ ಮಂಡಳಿಯಿಂದ ಒಂದು ಸುತ್ತೋಲೆ ಬಂತು: ‘ಎಲ್ಲ ಗಣಕಗಳ ಡಿಸ್ಕ್ ವೇಗವನ್ನು ಅಳೆದು, ಸೂಕ್ತ ಕ್ರಮ ಜರುಗಿಸಿ, ವರದಿ ಸಲ್ಲಿಸತಕ್ಕದ್ದು.’ ಡಿಸ್ಕ್ ಎಂದರೆ ಗಣಕದ ಹೊಟ್ಟೆಯೊಳಗೆ ಕಡತಗಳು ಇರುವ ಜಾಗ. ಅಲ್ಲಿಂದ ಕಡತ ಎಷ್ಟು ಬೇಗ ಹೊರಗೆ ಬರುತ್ತದೆ ಎಂಬುದು ಅದರ ವೇಗ. ಸೂಕ್ತ ಕ್ರಮ ಎಂದರೆ ಏನು ಎಂದು ಸುತ್ತೋಲೆಯಲ್ಲಿ ಇರಲಿಲ್ಲ. ಹಾಗೆ ಇರುವ ಪದ್ಧತಿಯೂ ಇಲ್ಲ.

ವೇಗ ಅಳೆಯುವ ಹುದ್ದೆಗೆ ಇಬ್ಬರು ಅರ್ಜಿ ಹಾಕಿದರು. ಒಬ್ಬರು ಗಣಕ ವಿಜ್ಞಾನದಲ್ಲಿ ಎಂ.ಟೆಕ್. ಮಾಡಿದ್ದರು. ಇನ್ನೊಬ್ಬರು ಧರ್ಣಪ್ಪ. ಅವರು ಬಿ.ಸಿ.ರೋಡ್ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಆಗಿದ್ದು ನಿವೃತ್ತರಾದವರು. ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೊರಡಬೇಕು, ಯಾರು ಯಾರ ಪ್ಯಾಸೆಂಜರನ್ನು ಕದ್ದರು ಎಂಬುದನ್ನು ಪುಸ್ತಕದಲ್ಲಿ ಬರೆದು ಸೀಟಿ ಊದುವುದು ಅವರ ವೃತ್ತಿಯಾಗಿತ್ತು. ಒಕ್ಕೂಟದ ಅಧ್ಯಕ್ಷ ಮಹಾವೀರ ಹೆಗ್ಡೆಯವರು ಎಂ.ಟೆಕ್. ಅಭ್ಯರ್ಥಿಯನ್ನು, “ನಿಮಗೆ ವೇಗದಲ್ಲಿ ಎಷ್ಟು ವರ್ಷದ ಅನುಭವ ಉಂಟು?” ಎಂದು ಕೇಳಿದರು. ಇಲ್ಲವೆಂದಾಯಿತು. ಧರ್ಣಪ್ಪನವರು ಸ್ವಂತ ಸೀಟಿಯೊಂದಿಗೆ ಬಂದಿದ್ದರು. ಆಯ್ಕೆ ನ್ಯಾಯವಾಗಿಯೇ ನಡೆಯಿತು.

ಮುಂದಿನ ಮಾತುಕತೆಗಳೆಲ್ಲ ತುಳುವಿನಲ್ಲಿ ನಡೆದವು. ದಾಖಲೆಯ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

ಅಳೆಯಲು ಮಂಡಳಿ ಒಂದು ತಂತ್ರಾಂಶ ಕಳಿಸಿತ್ತು. ಅದು ಡಿಸ್ಕಿನಲ್ಲಿ ಏನೇನೋ ಬರೆದು, ಓದಿ, ಕೊನೆಗೆ ಎರಡು ಸಂಖ್ಯೆ ತೋರಿಸುತ್ತದೆ. ಬಿ.ಸಿ.ರೋಡಿನ ಹಳೆಯ ತಿರುಗುವ ಡಿಸ್ಕ್ ಒಂದು ಕಡೆ ಎಪ್ಪತ್ತೆಂಟು, ಇನ್ನೊಂದು ಕಡೆ ಒಂದು ಎಂದು ತೋರಿಸಿತು. ದೊಡ್ಡ ಕಡತವೊಂದನ್ನು ಒಂದೇ ಓಟದಲ್ಲಿ ಓದಿದ ವೇಗ ಎಪ್ಪತ್ತೆಂಟು, ಅಲ್ಲಲ್ಲಿ ಚದುರಿದ ಸಾವಿರ ಸಣ್ಣ ಕಡತಗಳನ್ನು ಹೆಕ್ಕಿ ಓದಿದ ವೇಗ ಒಂದು ಎಂದು ಅಲ್ಲಿನ ಆಪರೇಟರ್ ವಿವರಿಸಿದರು.

“ಗೊತ್ತಾಯಿತು ಮಾರಾಯ, ಬಿಡಿಸಿ ಹೇಳುವುದು ಬೇಡ,” ಎಂದರು ಧರ್ಣಪ್ಪನವರು. “ಒಂದು ಎಕ್ಸ್‌ಪ್ರೆಸ್. ಇನ್ನೊಂದು ಲೋಕಲ್, ಕಂಡಕಂಡಲ್ಲಿ ನಿಲ್ಲಿಸ್ತದೆ.”

ಮೂರೂ ಕೇಂದ್ರಗಳ ಗೋಡೆಯ ಹಲಗೆಗಳಲ್ಲಿ ಹಾಗೆಯೇ ಬರೆಸಿದರು. ಎರಡನೇ ಸಲ ಅಳೆದಾಗ ಎಪ್ಪತ್ತೆಂಟರ ಬದಲು ಎಪ್ಪತ್ತೊಂದು ಬಂತು. ಆಪರೇಟರ್ ಗಾಬರಿಯಾದರು. “ಮೆಲ್ಕಾರಿನಲ್ಲಿ ರೋಡ್ ಬ್ಲಾಕ್ ಇದ್ದಿರಬಹುದು,” ಎಂದು ಧರ್ಣಪ್ಪನವರು ಸಮಾಧಾನ ಹೇಳಿದರು.

ಮೂಡುಬಿದಿರೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು. ಗುರುವಾಯನಕೆರೆಯಲ್ಲಿ ಐನೂರ ನಲವತ್ತು ಬಂತು.

ಧರ್ಣಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು. “ಇದಕ್ಕೆ ಪರ್ಮಿಟ್ ಉಂಟಾ ತಂಗಿ?”

“ಹಳೇ ಡಿಸ್ಕ್ ಕಟಕಟ ಹೇಳಿ ಸತ್ತುಹೋಯ್ತು ಸರ್,” ಎಂದರು ವಿಸ್ಮಿತಾ. “ಅಂಗಡಿಯವರು ಹೊಸ ನಮೂನೆಯದ್ದು ಹಾಕಿ ಕೊಟ್ಟರು. ಇದರಲ್ಲಿ ತಿರುಗುವುದೇ ಎಂತದ್ದೂ ಇಲ್ಲ. ಇಪ್ಪತ್ತೊಂದು ನಿಮಿಷದ ಕೆಲಸ ಮೂರು ನಿಮಿಷದಲ್ಲಿ ಆಗ್ತದೆ.”

“ಅಯ್ಯೋ ದೇವರೇ! ಉಳಿದ ಹದಿನೆಂಟು ನಿಮಿಷ ಯಾರದ್ದು?”

ಇದಕ್ಕೆ ಉತ್ತರ ಮೂಡುಬಿದಿರೆಯ ಆಪರೇಟರ್ ಚಿದಾನಂದರ ದೂರಿನಲ್ಲಿತ್ತು. ವೇಣೂರು ಎರಡೂ ಕೇಂದ್ರಗಳಿಗೆ ನಡುವೆ ಬರುವ ಊರು. ಅಲ್ಲಿಯವರು ಹಿಂದಿನಿಂದಲೂ ಮೂಡುಬಿದಿರೆಗೇ ಬರುತ್ತಿದ್ದರು. ಈಗ ಬೇಗ ಆಗುತ್ತದೆಂದು ಗುರುವಾಯನಕೆರೆಗೆ ಹೋಗುತ್ತಿದ್ದಾರೆ. ‘ಇದರಿಂದ ನನ್ನ ಬೆಂಚು ಖಾಲಿಯಾಗಿದ್ದು, ನನಗೆ ಕೆಲಸವಿಲ್ಲವೆಂಬ ತಪ್ಪು ಅಭಿಪ್ರಾಯ ಮೂಡುವ ಸಂಭವವಿರುತ್ತದೆ’ ಎಂದು ಅವರು ಬರೆದಿದ್ದರು. ಬಸ್ಸಿನವರ ಭಾಷೆಯಲ್ಲಿ ಇದು ಬೇರೊಬ್ಬರ ಟೈಮಿಂಗಿನಲ್ಲಿ ಬಂದು ಅವರ ಪ್ಯಾಸೆಂಜರನ್ನು ಹತ್ತಿಸಿಕೊಂಡ ಅಪರಾಧ. ಡಿಸ್ಕನ್ನು ಅಮಾನತು ಮಾಡಿದ್ದು ಈ ಕಾರಣಕ್ಕೆ.

ಅಮಾನತಿನ ನಂತರ ಅಧ್ಯಕ್ಷರ ಸಹಿಯಲ್ಲಿ ಪ್ರಕಟಣೆ ಹೊರಟಿತು.

‘ನಿಯಮ 4: ಒಕ್ಕೂಟದ ಯಾವುದೇ ಡಿಸ್ಕ್ ಇನ್ನೊಂದು ಡಿಸ್ಕನ್ನು ಓವರ್‌ಟೇಕ್ ಮಾಡತಕ್ಕದ್ದಲ್ಲ. ನಿಯಮ 5: ಎಲ್ಲ ಡಿಸ್ಕುಗಳ ಅಧಿಕೃತ ವೇಗ ಎಪ್ಪತ್ತೆಂಟು. ನಿಯಮ 6: ಇದಕ್ಕಿಂತ ಬೇಗ ತಯಾರಾದ ಕಾಗದವನ್ನು ಉಳಿದ ಅವಧಿಗೆ ಹಾಲ್ಟ್‌ನಲ್ಲಿ ಇಡತಕ್ಕದ್ದು.’

ಹಾಲ್ಟ್‌ಗಾಗಿ ಎಂಟು ಗೂಡುಗಳ ಒಂದು ಮರದ ಕಪಾಟು ಬಂತು. ವಿಸ್ಮಿತಾ ಮೂರು ನಿಮಿಷದಲ್ಲಿ ಕಾಗದ ಮಾಡಿ ಗೂಡಿನಲ್ಲಿ ಇಡುತ್ತಿದ್ದರು. ಧರ್ಣಪ್ಪನವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಇಪ್ಪತ್ತೊಂದು ನಿಮಿಷಕ್ಕೊಮ್ಮೆ ಸೀಟಿ ಊದಿ, ಒಂದೊಂದನ್ನೇ ಬಿಡುತ್ತಿದ್ದರು. ವೇಣೂರಿನವರು ಮೂಡುಬಿದಿರೆಗೆ ಮರಳಿದರು. ಚಿದಾನಂದರ ಬೆಂಚು ತುಂಬಿತು. ಮೂರೂ ಕೇಂದ್ರಗಳಲ್ಲಿ ಸಮಾನವಾಗಿ ತಡವಾಗುತ್ತಿರುವುದನ್ನು ಕಂಡು ಮಂಡಳಿಯವರು ಮೆಚ್ಚುಗೆ ಪತ್ರ ಕಳಿಸಿದರು.

ಜೂನ್ ಹದಿನಾಲ್ಕರಂದು ಮಧ್ಯಾಹ್ನ ಎರಡು ಗಂಟೆಗೆ ಸೇಸಮ್ಮ ಎಂಬವರು ಮೊಮ್ಮಗಳು ದೀಕ್ಷಿತಾಳನ್ನು ಕರೆದುಕೊಂಡು ಗುರುವಾಯನಕೆರೆ ಕೇಂದ್ರಕ್ಕೆ ಬಂದರು. ದೀಕ್ಷಿತಾಳಿಗೆ ಬೆಳ್ತಂಗಡಿಯಲ್ಲಿ ಪಿ.ಯು.ಸಿ. ಸೀಟು ಸಿಕ್ಕಿತ್ತು. ಮನೆಯಿಂದ ದಿನಾ ಹೋಗಿಬರಲು ಬಸ್ಸಿಲ್ಲ. ಹಾಸ್ಟೆಲ್ ಸಿಕ್ಕಿದರೆ ಓದು, ಇಲ್ಲದಿದ್ದರೆ ಅಜ್ಜಿಯ ಜೊತೆ ಬೀಡಿ ಕಟ್ಟುವುದು. ಅಲ್ಲಿಯ ಒಂದು ಖಾಸಗಿ ವಿದ್ಯಾರ್ಥಿನಿ ನಿಲಯದಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ಆ ದಿನ ನಾಲ್ಕೂವರೆಯ ಒಳಗೆ ವಾಸ್ತವ್ಯದ ದೃಢಪತ್ರ ಕೊಡಬೇಕಿತ್ತು.

ಎರಡು ಗಂಟೆ ಮೂರು ನಿಮಿಷಕ್ಕೆ ಕಾಗದ ತಯಾರಾಯಿತು. ಎಂಟನೇ ಗೂಡಿಗೆ ಹೋಯಿತು. ಅದರ ಮುಂದೆ ಏಳು ಕಾಗದಗಳು ಹಾಲ್ಟ್‌ನಲ್ಲಿದ್ದವು. ಧರ್ಣಪ್ಪನವರು ಪುಸ್ತಕದಲ್ಲಿ ಲೆಕ್ಕ ಹಾಕಿ, “ನಾಲ್ಕು ನಲವತ್ತೆಂಟಕ್ಕೆ ಬಿಡ್ತೇನೆ,” ಎಂದರು.

“ನಾಲ್ಕೂವರೆಗೆ ಅಲ್ಲಿ ಬಾಗಿಲು ಹಾಕ್ತಾರೆ ಧರ್ಣಪ್ಪಣ್ಣ. ಕಾಗದ ಅಲ್ಲೇ ಉಂಟಲ್ಲ, ನನಗೆ ಕಾಣ್ತದೆ.”

“ಕಾಣ್ತದೆ ಸೇಸಕ್ಕ. ನನಗೂ ಕಾಣ್ತದೆ. ಟೈಮ್ ಆಗ್ಲಿಲ್ಲ.”

“ನನ್ನ ಮುಖ ನೋಡಿ ಬಿಡ್ಲಿಕ್ಕೆ ಆಗುದಿಲ್ವಾ?”

“ನಿಮ್ಮದನ್ನು ಬಿಟ್ಟರೆ ಈ ಏಳು ಜನ ನನ್ನ ಕಾಲರ್ ಹಿಡೀಲಿಕ್ಕಿಲ್ವಾ?”

ಬೆಂಚಿನಲ್ಲಿದ್ದ ಏಳು ಜನ ಹಿಡಿಯುತ್ತೇವೆ ಎಂಬಂತೆ ತಲೆಯಾಡಿಸಿದರು. ಅವರಲ್ಲಿ ಯಾರಿಗೂ ಅವಸರವಿರಲಿಲ್ಲ. ಆದರೆ ಟೈಮಿಂಗ್ ಎಂದರೆ ಟೈಮಿಂಗ್.

ದೀಕ್ಷಿತಾಳ ಕಣ್ಣಲ್ಲಿ ನೀರು ಬಂತು. “ಬೇಡ ಅಜ್ಜಿ, ಮನೆಗೆ ಹೋಗುವ,” ಎಂದಳು.

“ಕೂತ್ಕೋ,” ಎಂದರು ಸೇಸಮ್ಮ. ಅವರು ಬೀಡಿ ಕಟ್ಟಿ, ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಕೊಟ್ಟು ಮೂವತ್ತು ವರ್ಷವಾಗಿತ್ತು. ಗೋಡೆಯ ಹಲಗೆಯಲ್ಲಿ ಎಕ್ಸ್‌ಪ್ರೆಸ್, ಲೋಕಲ್ ಎಂದು ಬರೆದಿದ್ದನ್ನು ಒಮ್ಮೆ ಓದಿದರು. ಮತ್ತೆ ಧರ್ಣಪ್ಪನವರ ಮುಂದೆ ಬಂದು ನಿಂತರು.

“ಬಿ.ಸಿ.ರೋಡಿನಲ್ಲಿ ಏಳು ಲೋಕಲ್ ಸಾಲಾಗಿ ನಿಂತಿರುವಾಗ ಎಕ್ಸ್‌ಪ್ರೆಸ್ ಬಂದರೆ ನೀವು ಅದನ್ನು ಎಂಟನೆಯದ್ದು ಮಾಡ್ತಿದ್ದಿರಾ?”

ಧರ್ಣಪ್ಪನವರು ಮೂವತ್ತೊಂದು ವರ್ಷದ ಸೇವೆಯನ್ನು ಮನಸ್ಸಿನಲ್ಲೇ ಒಮ್ಮೆ ತಿರುವಿ ಹಾಕಿದರು. “ಇಲ್ಲ. ಎಕ್ಸ್‌ಪ್ರೆಸ್‌ಗೆ ಬೇರೆ ಟೈಮಿಂಗ್.”

“ಲೋಕಲ್‌ನವರು ಕಾಲರ್ ಹಿಡೀತಿದ್ರಾ?”

“ಛೆ, ಎಕ್ಸ್‌ಪ್ರೆಸ್‌ಗೆ ಯಾರು ಹಿಡೀತಾರೆ?”

“ಹಾಗಾದರೆ ನನ್ನ ಮೊಮ್ಮಗಳದ್ದು ಎಕ್ಸ್‌ಪ್ರೆಸ್.”

ಬೆಂಚಿನವರು ಪರಸ್ಪರ ನೋಡಿಕೊಂಡರು. ಒಬ್ಬರು, “ಎಕ್ಸ್‌ಪ್ರೆಸ್ ಆದರೆ ನಮ್ಮದೇನೂ ಇಲ್ಲಪ್ಪ,” ಎಂದರು. ಉಳಿದವರೂ ಒಪ್ಪಿದರು.

“ಬೋರ್ಡ್ ಎಲ್ಲುಂಟು?” ಎಂದು ಧರ್ಣಪ್ಪನವರು ಕೇಳಿದರು. ವಿಸ್ಮಿತಾ ಗೂಡಿನಿಂದ ಕಾಗದ ತೆಗೆದು, ಅದರ ನೆತ್ತಿಯಲ್ಲಿ ಕೆಂಪು ಮಾರ್ಕರಿನಿಂದ ‘ಎಕ್ಸ್‌ಪ್ರೆಸ್’ ಎಂದು ಬರೆದರು. ಧರ್ಣಪ್ಪನವರು ಸೀಟಿಯನ್ನು ಬಾಯಿಗೆ ಇಟ್ಟು, ಕಾಗದ ಓದಿ, ಸೀಟಿ ಕೆಳಗಿಳಿಸಿದರು.

“ಇದು ಆಗ್ಲಿಕ್ಕಿಲ್ಲ. ನೋಡಿ, ತಂದೆಯ ಹೆಸರಿನಲ್ಲಿ ನಿಲ್ಲಿಸ್ತದೆ, ಮನೆ ನಂಬ್ರದಲ್ಲಿ ನಿಲ್ಲಿಸ್ತದೆ, ಗ್ರಾಮದಲ್ಲಿ ನಿಲ್ಲಿಸ್ತದೆ, ಎಷ್ಟು ವರ್ಷದಿಂದ ವಾಸ ಅಂತ ಅಲ್ಲಿಯೂ ನಿಲ್ಲಿಸ್ತದೆ. ಬೋರ್ಡ್ ಎಕ್ಸ್‌ಪ್ರೆಸ್, ಓಡುವುದು ಲೋಕಲ್. ಇಂಥ ಗಾಡಿ ನಾನು ಎಷ್ಟು ಹಿಡಿದಿದ್ದೇನೆ ಗೊತ್ತುಂಟಾ?”

ವಿಸ್ಮಿತಾ ನಡುವಿನ ನಿಲುಗಡೆಗಳನ್ನೆಲ್ಲ ಅಳಿಸಿ ಮತ್ತೊಮ್ಮೆ ಮುದ್ರಿಸಿದರು. ಈಗ ಕಾಗದದಲ್ಲಿ ಇಷ್ಟಿತ್ತು: ‘ಈ ಮೂಲಕ ದೃಢೀಕರಿಸುವುದೇನೆಂದರೆ ಕುಮಾರಿ ದೀಕ್ಷಿತಾ ಇವರು ಆಗಿರುತ್ತಾರೆ.’ ಕೆಳಗೆ ಒಕ್ಕೂಟದ ದುಂಡು ಮೊಹರು.

“ಅಜ್ಜಿ, ನಾನು ಎಂತ ಆಗಿದ್ದೇನೆ ಅಂತ ಇದರಲ್ಲಿ ಇಲ್ಲ,” ಎಂದಳು ದೀಕ್ಷಿತಾ.

“ನೀನು ಮೊದಲು ಬಸ್ಸು ಹತ್ತು.”

ಧರ್ಣಪ್ಪನವರು ಸೀಟಿ ಊದಿದರು.

ನಾಲ್ಕು ಗಂಟೆಗೆ ಹತ್ತು ನಿಮಿಷ ಇರುವಾಗ ಅವರು ವಿದ್ಯಾರ್ಥಿನಿ ನಿಲಯ ಮುಟ್ಟಿದರು. ಅಲ್ಲಿಯ ಗುಮಾಸ್ತೆ ಪದ್ಮಲತಾ ಕಾಗದವನ್ನು ಎರಡು ಸಲ ಓದಿದರು.

“ಇದರಲ್ಲಿ ಊರೇ ಇಲ್ಲವಲ್ಲಮ್ಮ?”

“ಎಕ್ಸ್‌ಪ್ರೆಸ್ ಅಕ್ಕ,” ಎಂದರು ಸೇಸಮ್ಮ.

ಪದ್ಮಲತಾ ಮೂಡುಬಿದಿರೆಯಿಂದ ದಿನಾ ಬಸ್ಸಿನಲ್ಲಿ ಬರುವವರು. ಕಾಗದದ ನೆತ್ತಿಯ ಕೆಂಪು ಅಕ್ಷರ ನೋಡಿ, “ಓ, ಹಾಗೆ ಹೇಳಿ,” ಎಂದರು. ಅವರ ಗಣಕ ಮಾತ್ರ ಊರಿನ ಕಾಲಂ ಖಾಲಿ ಬಿಡಲು ಒಪ್ಪಲಿಲ್ಲ. ಅವರು ಸ್ವಲ್ಪ ಯೋಚಿಸಿ ‘ನಿಲುಗಡೆ ಇಲ್ಲ’ ಎಂದು ತುಂಬಿದರು. ಗಣಕ ಒಪ್ಪಿತು. ದೀಕ್ಷಿತಾಳಿಗೆ ಹದಿನಾಲ್ಕನೇ ನಂಬರಿನ ಕೋಣೆ ಸಿಕ್ಕಿತು.

ಆಮೇಲಿನದ್ದು ಸಹಜವಾಗಿಯೇ ನಡೆಯಿತು. ಮರುದಿನ ಬೆಂಚಿನಲ್ಲಿದ್ದವರೆಲ್ಲ ಎಕ್ಸ್‌ಪ್ರೆಸ್ ಕೇಳಿದರು. ಒಕ್ಕೂಟ ಅದನ್ನು ನಿಯಮ 7 ಎಂದು ಸೇರಿಸಿತು. ಮೂರೂ ಕೇಂದ್ರಗಳು ಎಕ್ಸ್‌ಪ್ರೆಸ್ ಕಾಗದಗಳನ್ನೇ ಬಿಡತೊಡಗಿದವು. ಶಾಲೆ, ಬ್ಯಾಂಕು, ಆಸ್ಪತ್ರೆಗಳ ಗಣಕಗಳಲ್ಲೂ ಊರಿನ ಕಾಲಂ ಖಾಲಿ ಬಿಡುವಂತಿರಲಿಲ್ಲ. ಡಿಸೆಂಬರ್ ಅಂತ್ಯದ ಅಂಕಿಅಂಶಗಳ ಪ್ರಕಾರ ಮೂರು ತಾಲೂಕುಗಳಲ್ಲಿ ಅತಿ ಹೆಚ್ಚು ಜನವಸತಿಯುಳ್ಳ ಗ್ರಾಮ ‘ನಿಲುಗಡೆ ಇಲ್ಲ’.

ಇಷ್ಟು ದೊಡ್ಡ ಗ್ರಾಮಕ್ಕೆ ಸೇವಾ ಕೇಂದ್ರವಿಲ್ಲದಿರುವುದು ಮಂಡಳಿಯ ಗಮನಕ್ಕೆ ಬಂದು, ಜನವರಿಯಲ್ಲಿ ಮಂಜೂರಾತಿ ಸಿಕ್ಕಿತು. ಗಣಕವೂ ಬಂದಿದೆ. ಧರ್ಣಪ್ಪನವರ ವರದಿಯಂತೆ ಅದರ ಡಿಸ್ಕಿನ ವೇಗ ಎಪ್ಪತ್ತೆಂಟು, ಟೈಮಿಂಗ್ ಸರಿಯಾಗಿದೆ. ಆಪರೇಟರ್ ಆಗಿ ವಿಸ್ಮಿತಾ ಅವರನ್ನು ಬಡ್ತಿಯ ಮೇಲೆ ಅಲ್ಲಿಗೆ ವರ್ಗಾಯಿಸಲಾಗಿದೆ.

ಆದೇಶ ಹಿಡಿದುಕೊಂಡು ಬಿ.ಸಿ.ರೋಡ್ ನಿಲ್ದಾಣಕ್ಕೆ ಬಂದ ವಿಸ್ಮಿತಾ, ಆ ಊರಿಗೆ ಯಾವ ಬಸ್ಸು ಹೋಗುತ್ತದೆ ಎಂದು, ಹಳೆಯ ಅಭ್ಯಾಸದಂತೆ ಅಲ್ಲಿ ಕೂತಿದ್ದ ಧರ್ಣಪ್ಪನವರನ್ನೇ ಕೇಳಿದರು.

“ಯಾವ ಎಕ್ಸ್‌ಪ್ರೆಸ್ ಹತ್ತಿದರೂ ಹೋಗ್ತದೆ ತಂಗಿ,” ಎಂದರು ಅವರು. “ಅಲ್ಲಿ ನಿಲ್ಲಿಸುವುದಿಲ್ಲ, ಅಷ್ಟೇ.”

ವಿಸ್ಮಿತಾ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹತ್ತುತ್ತಾರೆ. ಸಂಜೆ ಐದೂವರೆಗೆ ಅದೇ ಬಸ್ಸಿನಿಂದ ಇಳಿಯುತ್ತಾರೆ. ಹಾಜರಿ ಪೂರ್ಣವಿದೆ.