ಜಾಗ ಖಾಲಿ ಮಾಡಿದ ಒಳ್ಳೆಯ ಪ್ರತಿಗೆ ಒಂದು ಬಹಿರಂಗ ಪತ್ರ

ನಾಸಿಕ್, ಆಗಸ್ಟ್ ೨೦೧೨

ಮಾನ್ಯರೇ,

ನನ್ನ ಐದನೆಯ ವರ್ಣತಂತುವಿನ ನಿವಾಸಿಗಳೂ ನಮ್ಮ ಅವ್ವನ ಕಡೆಯಿಂದ ಬಂದ ದೋಷವಿಲ್ಲದ ಜೀನ್ ಪ್ರತಿಯೂ ಆದ ತಮಗೆ, ಸಾತಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿರುವ ಚಂದ್ರಾಮಪ್ಪನ ಸಾವಿರ ನಮಸ್ಕಾರಗಳು. ಕರುಳಿನಲ್ಲಿ ಗಂಟು ಬೆಳೆಯದಂತೆ ಕಾಯುವುದು ತಮ್ಮ ಕೆಲಸವೆಂದು ನಲವತ್ತೇಳನೆಯ ವಯಸ್ಸಿನಲ್ಲಿ ತಿಳಿಯಿತು. ಇಷ್ಟು ವರ್ಷ ಒಮ್ಮೆಯೂ ತಮ್ಮ ಕ್ಷೇಮ ವಿಚಾರಿಸದ್ದಕ್ಕೆ ಕ್ಷಮೆಯಿರಲಿ.

ಅಪ್ಪನ ಕಡೆಯಿಂದ ಬಂದ ತಮ್ಮ ಜೋಡಿ ಹುಟ್ಟಿನಿಂದಲೇ ಕೆಟ್ಟದ್ದು ಎಂದು ಔರಂಗಾಬಾದಿನ ಡಾಕ್ಟರು ಹೇಳಿದರು. ಅಂಥ ಕೆಲಸಗಳ್ಳನ ಪಕ್ಕದಲ್ಲಿ ಕುಳಿತು ಇಬ್ಬರ ಕೆಲಸವನ್ನೂ ಒಬ್ಬರೇ ತೂಗಿಸಿಕೊಂಡು ಬಂದ ತಮ್ಮ ದೊಡ್ಡತನಕ್ಕೆ ಯಾವ ಕಂಪನಿಯಾದರೂ ಶಾಲು ಹೊದಿಸಬೇಕಿತ್ತು. ಆದರೆ ಕೆಲವು ಜೀವಕೋಶಗಳಲ್ಲಿ ತಾವು ರಜೆ ಅರ್ಜಿ ಕೊಡದೆ, ಚಾರ್ಜು ಒಪ್ಪಿಸದೆ ಹೊರಟುಹೋದಿರಿ. ಖಾಲಿಯಾದ ಜಾಗದಲ್ಲಿ ಆ ಕೆಟ್ಟ ಪ್ರತಿಯದೇ ನಕಲು ಬಂದು ಕುಳಿತಿತು. ಈಗ ಅಲ್ಲಿ ಎರಡೂ ಒಂದೇ ಥರ, ಭಿನ್ನಾಭಿಪ್ರಾಯವೇ ಇಲ್ಲ, ಗಂಟುಗಳು ನಿಶ್ಚಿಂತೆಯಿಂದ ಬೆಳೆಯುತ್ತಿವೆ.

ತಮ್ಮನ್ನು ಬೈಯಲು ನನಗೆ ಬಾಯಿಲ್ಲ. ನಮ್ಮಲ್ಲಿ ಪ್ರತಿ ಡ್ರಾಯಿಂಗಿಗೂ ಎರಡು ಪ್ರತಿ ಇರುತ್ತವೆ, ಎರಡನ್ನೂ ತಾಳೆ ನೋಡಿ ನಾನು ಠಸ್ಸೆ ಒತ್ತಬೇಕು. ಹೋದ ವರ್ಷ ಸರಿಯಾದ ಪ್ರತಿಯ ಮೇಲೆ ಚಹಾ ಚೆಲ್ಲಿದಾಗ ಸ್ಟೋರಿನ ರತ್ನಾಕರ ತಪ್ಪು ಅಳತೆಯಿದ್ದ ಇನ್ನೊಂದು ಪ್ರತಿಯನ್ನೇ ಜೆರಾಕ್ಸ್ ಮಾಡಿಸಿ ಫೈಲಿಗೆ ಸೇರಿಸಿದ. ಎರಡೂ ತಾಳೆಯಾದವೆಂದು ನಾನು ಖುಷಿಯಿಂದ ಠಸ್ಸೆ ಒತ್ತಿದೆ. ಆ ಅಳತೆಗೇ ತಯಾರಾದ ನಾಲ್ಕುನೂರು ಬುಶ್ಶುಗಳು, ಯಂತ್ರಕ್ಕೆ ಕೂರಿಸುವ ಲೋಹದ ಬಳೆಗಳು, ಗುಜರಿಗೆ ಹೋದವು. ಡಾಕ್ಟರ ಮಾತು ಕೇಳಿ ನನ್ನ ಹೆಂಡತಿ ಊರ್ಮಿಳಾ, “ನಿಮ್ಮ ಫ್ಯಾಕ್ಟರಿ ಪದ್ಧತಿನ ಹೊಟ್ಟ್ಯಾಗೂ ನಡದೈತಿ ಬಿಡ್ರಿ” ಅಂದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು.

ಆದ್ದರಿಂದ ನನ್ನ ಬೇಡಿಕೆಗಳು ಅಲ್ಪ. ಬಿಟ್ಟುಹೋದ ಕಡೆಗಳಿಗೆಲ್ಲ ಸೋಮವಾರ ಬೆಳಗಿನ ಪಾಳಿಗೆ ಮರಳಿ ಹಾಜರಾಗಬೇಕು, ಸಾಧ್ಯವಾಗದಿದ್ದರೆ ಕಾರಣವನ್ನು ಮೂರು ಪ್ರತಿಗಳಲ್ಲಿ ಬರೆದುಕೊಡಬೇಕು. ಇನ್ನೊಂದು ಮಾತು ಮಾತ್ರ ತಮಾಷೆಯದಲ್ಲ. ನನ್ನ ಮಗಳು ನೀರಜಾಳಿಗೆ ಹತ್ತೊಂಬತ್ತು ವರ್ಷ. ಅವಳು ಹುಟ್ಟುವಾಗ ನನ್ನಿಂದ ಹೋದದ್ದು ತಾವೋ, ಆ ಇನ್ನೊಬ್ಬನೋ ಗೊತ್ತಿಲ್ಲ. ಜೀನ್ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದಾಳೆ. ನನಗೆ ಊಟ ಸೇರುತ್ತಿಲ್ಲ. ದಯವಿಟ್ಟು ಅವಳಲ್ಲಿ ತಾವಿರಬೇಕು.

ತಮ್ಮನ್ನು ಇನ್ನೂ ನಂಬಿಕೊಂಡೇ ಇರುವ ತಮ್ಮ ವಿಶ್ವಾಸಿ,
ಚಂದ್ರಾಮಪ್ಪ

ತಾ.ಕ.: ಪತ್ರವನ್ನು ಅಂಚೆಗೆ ಹಾಕುವ ಮೊದಲೇ ರಿಪೋರ್ಟು ಬಂತು. ಮಗಳ ಜೊತೆ ಹೋದವರು ತಾವೇ. ನನ್ನ ಕೆಲಸಕ್ಕೆ ಚಕ್ಕರ್ ಹೊಡೆದವರಿಗೆ ಅವಳ ಕೆಲಸದಲ್ಲಿ ಇಷ್ಟು ಶ್ರದ್ಧೆ ಎಲ್ಲಿಂದ ಬಂತೆಂದು ನಾನು ಕೇಳುವುದಿಲ್ಲ. ಬರುವ ಮಂಗಳವಾರ ನನ್ನ ಕರುಳಿನ ಆಪರೇಷನ್ ಇದೆ. ತಾವು ಬರುವುದು ಬೇಡ, ಅವಳ ಬಳಿಯೇ ಇರಿ.